ಹೂಂಗುಟ್ಟಿದ ಮುಖ

ಬೆಳಗ್ಗೆ ಚಹಾ ಕುಡಿಯುತ್ತ ಕೂತಿದ್ದಾಗ ಹೆಂಡತಿ, "ಏನು ಯೋಚನೆ ಮಾಡ್ತಿದ್ದೀರಿ?" ಎಂದು ಕೇಳಿದಳು. ಪ್ರಶ್ನೆಯಲ್ಲಿ ವಿಶೇಷವೇನೂ ಇರಲಿಲ್ಲ. ಎಲ್ಲ ಮನೆಗಳಲ್ಲೂ ಯಾರಾದರೊಬ್ಬರು ಯಾರನ್ನಾದರೂ ಕೇಳುವಂಥದ್ದೇ. ಆದರೆ ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಅದನ್ನು ಅವನಿಗೆ ಒಮ್ಮೆಯೂ ಕೇಳಿರಲಿಲ್ಲ. ಕೇಳಬೇಕಾದ ಪ್ರಸಂಗವೇ ಬಂದಿರಲಿಲ್ಲ. ಅವನು ಬಾಗಿಲಲ್ಲಿ ಚಪ್ಪಲಿ ಕಳಚುವ ರೀತಿಯಿಂದಲೇ "ಇವತ್ತು ಡಾಕ್ಟರು ಏನೋ ಅಂದ್ರು" ಎನ್ನುತ್ತಿದ್ದಳು. ಉಪ್ಪು ಬೇಕೆಂದು ತಲೆಯೆತ್ತುವಷ್ಟರಲ್ಲಿ ಉಪ್ಪಿನ ಡಬ್ಬಿ ಎದುರಿಗಿರುತ್ತಿತ್ತು. "ನನ್ನ ತಮ್ಮ ಗಾಜಿನ ಬಾಟಲಿ ಕಣಮ್ಮ, ಒಳಗೇನಿದೆ ಅಂತ ನೋಡೋಕೆ ನೀನು ಮುಚ್ಚಳ ತೆಗೆಯೋದೇ ಬೇಡ" ಎಂದು ಅಣ್ಣ ತಮಾಷೆ ಮಾಡುತ್ತಿದ್ದ. ಅಂಥವಳು ಈಗ ಕೇಳಿದಳು. ಅವನು "ಏನಿಲ್ಲ" ಎಂದ. ಏನಿಲ್ಲ ಎಂದರೆ ಏನೋ ಇದೆ ಎಂಬುದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ಅವಳು "ಹೌದಾ" ಎಂದು ಲೋಟ ಎತ್ತಿಕೊಂಡು ಒಳಗೆ ಹೋದಳು. ನಂಬಿದ್ದಳು. ಅವನಿಗೆ ಹೆದರಿಕೆಯಾದದ್ದು ಆಗ.

ಅವನು ಕಟ್ಟುಹಲ್ಲು ಮಾಡುವವನು. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವನು ಅದಕ್ಕೆ ಪ್ಲಾಸ್ಟರ್ ಎರೆದು ದವಡೆ ಮಾಡಿ, ಮೇಣದಲ್ಲಿ ಹಲ್ಲು ಕೂರಿಸಿ, ಆಮೇಲೆ ಮೇಣ ಕರಗಿಸಿ ಅದರ ಜಾಗಕ್ಕೆ ಒಸಡಿನ ಬಣ್ಣದ ಪ್ಲಾಸ್ಟಿಕ್ ತುಂಬಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಾನೆ. ಆ ಬಾಯಿಗಳ ಒಡೆಯರನ್ನು ಅವನು ನೋಡುವುದಿಲ್ಲ. ಮೆಟ್ಟಿಲ ಕೆಳಗಿನ ಒಂದೇ ಕೋಣೆಯ ಕೆಲಸದಂಗಡಿಯಲ್ಲಿ, ಗೋಡೆಯ ಹಲಗೆಗಳ ಮೇಲೆ, ಮುಖವಿಲ್ಲದ ದವಡೆಗಳು ಸಾಲಾಗಿ ಕೂತಿರುತ್ತವೆ. ಇಷ್ಟು ವರ್ಷ ಈ ಕೆಲಸದಲ್ಲಿ ಅವನಿಗಿದ್ದ ಸುಖವೂ ಅದೇ: ವ್ಯವಹಾರವೆಲ್ಲ ಬಾಯಿಯ ಜೊತೆ, ಮಾತಿನ ಜೊತೆ ಅಲ್ಲ. ಇವತ್ತು ಬೀಗ ತೆಗೆದು ಒಳಗೆ ಹೋಗಿ ಕೂತಾಗ ಆ ದವಡೆಗಳೆಲ್ಲ ಏನೋ ಕೇಳಲು ಬಾಯಿ ತೆರೆದುಕೊಂಡಿರುವ ಹಾಗೆ ಕಂಡವು. ಅಂಥ ಕಲ್ಪನೆಗಳೆಲ್ಲ ಅವನ ಜಾಯಮಾನಕ್ಕೆ ಹೊಂದುವಂಥವಲ್ಲ. ದೀಪ ಹಾಕಿದ. ದವಡೆಗಳು ಮತ್ತೆ ಪ್ಲಾಸ್ಟರ್ ಆದವು.

ಹತ್ತು ಗಂಟೆಯ ಸುಮಾರಿಗೆ ಡಾಕ್ಟರ ಫೋನು ಬಂತು. "ಆ ಕೆಳ ಸೆಟ್ಟು ಮತ್ತೆ ಕಳಿಸ್ತಿದ್ದೀನಿ ನೋಡಿ. ಆಯಮ್ಮನ್ನ ಕೇಳಿದ್ರೆ ಚೆನ್ನಾಗಿದೆ, ಏನೂ ತೊಂದರೆ ಇಲ್ಲ ಅಂತಾರೆ. ಆದ್ರೆ ಬರೋವಾಗ ಅದನ್ನ ಕರವಸ್ತ್ರದಲ್ಲಿ ಸುತ್ಕೊಂಡು ಬರ್ತಾರೆ. ಬಾಯಲ್ಲಿ ಇಟ್ಕೊಂಡಿದ್ದು ನಾನಂತೂ ನೋಡಿಲ್ಲ." ಅವನು ಸರಿ ಎಂದು ಫೋನಿಟ್ಟ. ಆ ಮುದುಕಿಯ ಒಸಡಿನ ದಿಣ್ಣೆ ಸವೆದು ಚಪ್ಪಟೆಯಾಗಿತ್ತು. ಕೆಳ ಸೆಟ್ಟಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ, ತೊದಲಿದ ಮಾತಿನ ಹಾಗೆ ಅದು ಅಲ್ಲಾಡುತ್ತಿತ್ತು. ಎಡಬದಿಯ ಅಂಚನ್ನು ಕೂದಲೆಳೆಯಷ್ಟು ಇಳಿಸಿದರೆ ಕೂತೀತೇ? ಈ ಪ್ರಶ್ನೆ ಅವನ ತಲೆಯಲ್ಲಿ ಹುಟ್ಟಿದ್ದು ಇವತ್ತಲ್ಲ, ಎರಡು ತಿಂಗಳ ಹಿಂದೆ. ಅದು ಹುಟ್ಟಿದಾಗ ಅವನು ಎಲ್ಲಿ ಕೂತಿದ್ದ, ಪಕ್ಕದಲ್ಲಿ ಯಾರು ಕೂತಿದ್ದರು ಎಂಬುದೇ ಈಗ ಅವನ ಗಂಟಲಲ್ಲಿ ಸಿಕ್ಕಿಕೊಂಡಿರುವ ಮುಳ್ಳು.

ಅಣ್ಣನ ಮಗಳನ್ನು ಚಿಕ್ಕಂದಿನಿಂದಲೂ ಎಲ್ಲರೂ ಚಿನಕುರಳಿ ಎಂದೇ ಕರೆಯುತ್ತಿದ್ದರು. ಪಟಪಟ ಮಾತಾಡುವ ಹುಡುಗಿ. ಈಗ ಅವಳು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಗಂಡಹೆಂಡಿರು ಒಬ್ಬರ ಮನಸ್ಸನ್ನು ಒಬ್ಬರು ಎಷ್ಟು ಸರಿಯಾಗಿ ಊಹಿಸುತ್ತಾರೆ ಎಂಬುದು ಅವಳ ವಿಷಯ. "ಚಿಕ್ಕಪ್ಪ, ಇನ್ನೂ ಏಳೆಂಟು ಜೋಡಿ ಬೇಕು, ದಮ್ಮಯ್ಯ ಬನ್ನಿ" ಎಂದಿದ್ದಳು. ಅವನಿಗೆ ಮನಸ್ಸಿರಲಿಲ್ಲ. ಹೆಂಡತಿ ಮಾತ್ರ ಕೂಡಲೇ ಒಪ್ಪಿದಳು. ಅವಳು ಒಪ್ಪಿದ ಉತ್ಸಾಹ ಅವನಿಗೆ ವಿಚಿತ್ರವೆನಿಸಿತ್ತು. ಪರೀಕ್ಷೆಯಲ್ಲಿ ಮೊದಲ ಸ್ಥಾನ ಬರುವುದು ಖಚಿತವಿರುವ ವಿದ್ಯಾರ್ಥಿಯ ಉತ್ಸಾಹ ಎಂದುಕೊಂಡಿದ್ದ. ಜಲಮಂಡಳಿ ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯಲ್ಲಿ ಅವಳ ಕೆಲಸ. ನೀರು ಬಂದಿಲ್ಲ, ಪೈಪು ಒಡೆದಿದೆ, ಬಿಲ್ಲು ತಪ್ಪಾಗಿದೆ ಎಂದು ಸಿಟ್ಟಿನಲ್ಲಿ ಬಂದವರ ಮುಖ ನೋಡಿದ ಕೂಡಲೇ ಯಾರು ಕೂಗಾಡುತ್ತಾರೆ, ಯಾರು ಅಳುತ್ತಾರೆ, ಯಾರಿಗೆ ದೂರಿಗಿಂತ ಒಂದು ಲೋಟ ನೀರು ಮುಖ್ಯ ಎಂದು ಹೇಳಬಲ್ಲೆ ಎಂಬುದು ಅವಳ ಹೆಮ್ಮೆ. ಕಚೇರಿಯಲ್ಲೂ ಅದು ಗೊತ್ತಿತ್ತು. ಜಗಳಗಂಟರು ಬಂದರೆ ಅವಳ ಕಿಟಕಿಗೇ ಕಳಿಸುತ್ತಿದ್ದರು.

ಆ ಕೋಣೆಯಲ್ಲಿ ಒಂದು ಸೋಫಾ, ಒಂದು ಮೇಜು, ಗೋಡೆಗೊಂದು ದೊಡ್ಡ ಕನ್ನಡಿ. ಕನ್ನಡಿಯ ಹಿಂದೆ ಕ್ಯಾಮೆರಾ ಇದೆಯೆಂದು ಚಿನಕುರಳಿ ಮೊದಲೇ ಹೇಳಿದ್ದಳು. ಚಿಕ್ಕಮ್ಮ ತನ್ನನ್ನು ಕಾಡುತ್ತಿರುವ ಯಾವುದಾದರೂ ವಿಷಯ ಹೇಳಬೇಕು, ಚಿಕ್ಕಪ್ಪ ಕೇಳಿಸಿಕೊಳ್ಳಬೇಕು, ಅಷ್ಟೇ. "ಮನೇಲಿ ಹೇಗಿರ್ತೀರೋ ಹಾಗೇ ಇರಿ" ಎಂದು ಬಾಗಿಲು ಹಾಕಿಕೊಂಡು ಹೋದಳು. ಅವನು ಮನೆಯಲ್ಲಿ ಹೇಗಿರುತ್ತಾನೋ ಹಾಗೇ ಇದ್ದ. ಹೆಂಡತಿ ಮೊದಲು ಕೈಚೀಲದ ಪಟ್ಟಿ ತಿರುಚಿದಳು, ಆಮೇಲೆ ಮಾತು ಶುರು ಮಾಡಿದಳು. ಕಚೇರಿ, ಹೊಸ ಅಧಿಕಾರಿ, ಫೋನು ಎಂದೇನೋ ಕೇಳಿದ ನೆನಪು. ಎದುರಿನ ಕನ್ನಡಿಯಲ್ಲಿ ತನ್ನ ದವಡೆ ಕಾಣುತ್ತಿತ್ತು. ವಯಸ್ಸಾದಂತೆ ಕೆಳದವಡೆ ಮುಂದೆ ಬರುತ್ತದೆ ಎಂದುಕೊಂಡ. ಅಲ್ಲಿಂದ ಆ ಮುದುಕಿಯ ದವಡೆ. ಅಲ್ಲಿಂದ ಕೆಳ ಸೆಟ್ಟು. ಅಂಚು ಇಳಿಸುವುದೋ, ಹಲ್ಲುಗಳನ್ನೇ ಸ್ವಲ್ಪ ಒಳಕ್ಕೆ ಕೂರಿಸುವುದೋ? ಮೇಲಿನ ಹಲ್ಲು ಕೆಳಗಿನದಕ್ಕೆ ಮೊದಲು ತಾಗುವುದು ಎಲ್ಲಿ? ಅವನು ಮನಸ್ಸಿನಲ್ಲೇ ಎರಡು ದವಡೆಗಳನ್ನು ಕೂಡಿಸಿ, ಬಿಡಿಸಿ, ಕೂಡಿಸಿ ನೋಡುತ್ತಿದ್ದ. ನಡುನಡುವೆ ಹೂಂ ಎನ್ನುತ್ತಿದ್ದ. ಹೂಂಗುಟ್ಟುವುದು ಉಸಿರಾಟದಂತೆ, ಅದಕ್ಕೆ ಅವನ ಅಗತ್ಯವಿರಲಿಲ್ಲ.

ಆಮೇಲೆ ಅವನನ್ನು ಬೇರೆ ಕೋಣೆಯಲ್ಲಿ ಒಬ್ಬನನ್ನೇ ಕೂರಿಸಿ ಅದೇ ಮಾತುಕತೆಯ ಚಿತ್ರ ಹಾಕಿದರು. ಎಲ್ಲೆಲ್ಲಿ ಮನಸ್ಸಿನಲ್ಲಿ ಏನಾದರೂ ಸುಳಿದಿತ್ತೋ ಅಲ್ಲಲ್ಲಿ ಗುಂಡಿ ಒತ್ತಿ ನಿಲ್ಲಿಸಿ, ಸುಳಿದದ್ದೇನೆಂದು ಮೈಕಿಗೆ ಹೇಳಬೇಕು. ಪಕ್ಕದ ಕೋಣೆಯಲ್ಲಿ ಹೆಂಡತಿ ಅದೇ ಜಾಗಗಳಲ್ಲಿ ಅವನ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಬೇಕು. ಚಿತ್ರ ಶುರುವಾಯಿತು. ಅವನು ತನ್ನ ಹೆಂಡತಿ ಮಾತಾಡುವುದನ್ನು ಮೊದಲ ಸಲವೆಂಬಂತೆ ಕೇಳಿಸಿಕೊಂಡ. ಮೊದಲ ಸಲವೇ ಆಗಿತ್ತು.

"ನಿಮಗೆ ಹೇಳ್ಬೇಕು ಅಂತ ತುಂಬ ದಿನದಿಂದ ಅಂದ್ಕೊಳ್ತಿದ್ದೆ" ಎನ್ನುತ್ತಿದ್ದಳು ಪರದೆಯ ಮೇಲಿನ ಹೆಂಗಸು. "ನನಗೆ ಬಲಗಿವಿ ಕೇಳಿಸ್ತಿಲ್ಲ. ಒಂದೂವರೆ ವರ್ಷ ಆಯ್ತು. ಮೊದಲು ಫೋನೇ ಕೆಟ್ಟಿದೆ ಅಂದ್ಕೊಂಡಿದ್ದೆ. ಎಡಗಿವೀನೂ ಈಗ ಅಷ್ಟಕ್ಕಷ್ಟೆ. ಡಾಕ್ಟರಿಗೆ ತೋರಿಸ್ದೆ, ಒಬ್ಬಳೇ ಹೋಗಿದ್ದೆ. ಇದು ಮುಂದಕ್ಕೆ ಹೋಗುತ್ತೆ, ಹಿಂದಕ್ಕೆ ಬರಲ್ಲ ಅಂದ್ರು. ಮಿಷನ್ ಹಾಕ್ಕೊಂಡ್ರೆ ಸ್ವಲ್ಪ ಅನುಕೂಲ ಆಗುತ್ತಂತೆ. ಆದ್ರೆ ಅದನ್ನ ನೋಡಿದ್ರೆ ನನ್ನ ಕಿಟಕಿಯಿಂದ ಎಬ್ಬಿಸ್ತಾರೆ. ಈಗ ಹೇಗೆ ನಡೀತಿದೆ ಗೊತ್ತಾ? ಅರ್ಧ ತುಟಿ ನೋಡಿ, ಅರ್ಧ ಮುಖ ನೋಡಿ. ಅವರು ಹೇಳೋ ಮೊದಲೇ ನನಗೆ ಗೊತ್ತಾಗುತ್ತಲ್ಲ, ಅದೇ ನನ್ನನ್ನ ಕಾಪಾಡಿದೆ."

ಪರದೆಯ ಮೇಲೆ ಅವಳ ಪಕ್ಕದಲ್ಲಿ ಕೂತಿದ್ದ ಗಂಡಸು ತಲೆಯಾಡಿಸಿದ. ಅವನ ಹುಬ್ಬು ಸ್ವಲ್ಪ ಗಂಟಿಕ್ಕಿತ್ತು, ಕಣ್ಣು ತೇವವಾಗಿದ್ದಂತಿತ್ತು, ತುಟಿ ಬಿಗಿದಿತ್ತು. ಸಂಕಟವನ್ನು ನುಂಗಿಕೊಂಡು ಹೆಂಡತಿಗೆ ಆಸರೆಯಾಗಿ ಕೂತ ಗಂಡನ ಮುಖ, ಯಾರಾದರೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದಾದಂಥದ್ದು. ಅದು ಕೆಳ ಸೆಟ್ಟಿನ ಎಡಬದಿಯ ಅಂಚಿನ ಬಗ್ಗೆ ಯೋಚಿಸುತ್ತಿದ್ದ ಮುಖ ಎಂಬುದು ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತು. ರಾತ್ರಿ ಮಲಗುವ ಬದಿಯನ್ನು ಅವಳು ಹೋದ ವರ್ಷ ಬದಲಾಯಿಸಿದ್ದಳು. ಕಿಟಕಿಯ ಗಾಳಿಗೆ ಎಂದುಕೊಂಡಿದ್ದ. ರಸ್ತೆಯಲ್ಲಿ ಯಾವಾಗಲೂ ಅವನ ಬಲಕ್ಕೆ ಬಂದು ನಡೆಯುತ್ತಿದ್ದಳು, ಅವನು ಅವಳ ಎಡಗಿವಿಯ ಕಡೆ ಇರಲೆಂದು, ಅಭ್ಯಾಸ ಎಂದುಕೊಂಡಿದ್ದ. ಪರದೆಯಲ್ಲಿ ಅವಳು ಮಾತು ನಿಲ್ಲಿಸಿ ಅವನ ಮುಖ ನೋಡಿದಳು. ಆ ನೋಟದಲ್ಲಿ ನಿರೀಕ್ಷೆ ಇತ್ತು, ಆಮೇಲೆ ಇರಲಿಲ್ಲ. ಅವನ ಬೆರಳು ಗುಂಡಿಯ ಮೇಲಿತ್ತು. ಒತ್ತಿದ. ಮೈಕಿನ ಪುಟ್ಟ ದೀಪ ಹತ್ತಿಕೊಂಡಿತು. ತನ್ನ ದನಿ ಹೇಳುವುದು ಅವನಿಗೆ ಕೇಳಿಸಿತು: "ನನ್ನ ಎದೆ ಧಸಕ್ಕೆಂದಿತು. ಇಷ್ಟು ದಿನ ಒಬ್ಬಳೇ ಅನುಭವಿಸಿದಳಲ್ಲ ಅಂತ ಸಂಕಟವಾಯಿತು." ಹೇಳಿದ ಮೇಲೆ ಅದು ನಿಜವೂ ಆಗಿತ್ತು. ಎದೆ ಧಸಕ್ಕೆಂದಿತ್ತು, ಸಂಕಟವಾಗಿತ್ತು. ಕಾಲು ಗಂಟೆ ತಡವಾಗಿ ಆಗಿತ್ತು, ಅಷ್ಟೇ. ಇನ್ನೂ ನಾಲ್ಕೈದು ಕಡೆ ಗುಂಡಿ ಒತ್ತಿದ. ಪ್ರತಿ ಸಲವೂ ಮಾತು ಹೆಚ್ಚು ಸಲೀಸಾಗಿ ಬಂತು. ಅವಳ ಮಾತಿನ ಮಧ್ಯದಲ್ಲೇ ಚಿತ್ರ ಮುಗಿಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ಅವನೇ ಮಾತೆತ್ತಿದ. "ಕಿವಿ ವಿಷಯ... ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ."

ಅವಳು ತಟ್ಟನೆ ತಿರುಗಿ ಅವನ ಮುಖ ನೋಡಿದಳು. "ವಿಡಿಯೋದಲ್ಲಿ ನೋಡಿದ್ರಾ?"

"ಇಲ್ಲಪ್ಪ. ನೀನು ಹೇಳಿದಾಗ್ಲೇ ಕೇಳಿಸ್ಕೊಂಡೆ."

ಅವಳು ಇನ್ನೂ ಒಂದು ಕ್ಷಣ ನೋಡಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕೋಪವಿರಲಿಲ್ಲ. ಅಂಗಡಿಯವನು ಕೊಟ್ಟ ಚಿಲ್ಲರೆ ಕಡಿಮೆಯಿದೆಯೆಂದು ಗೊತ್ತಾದ ಮೇಲೂ, ಹೋಗಲಿ ಎಂದು ಕೈಚೀಲ ಮುಚ್ಚಿದವರ ಹಾಗಿದ್ದಳು. ಅವಳಿಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು. ವಿಚಿತ್ರವೆಂದರೆ, ಅದರಿಂದ ಅವನಿಗೆ ನೆಮ್ಮದಿಯೇ ಆಗಿತ್ತು. ಅವಳಿಗೆ ಗೊತ್ತಿದ್ದರೆ ಸಾಕು, ಅವನು ಹೇಳುವ ಕೆಲಸ ಉಳಿಯಿತು. ಇಪ್ಪತ್ತೆರಡು ವರ್ಷ ಅವನು ಬದುಕಿದ್ದೇ ಹಾಗೆ.

ಎಲ್ಲ ಕೆಟ್ಟಿದ್ದು ಅದಾದ ಮೇಲಿನ ಒಂದು ಭಾನುವಾರ, ಅಣ್ಣನ ಮನೆಯ ಊಟದ ಮೇಜಿನ ಮೇಲೆ. ಅಣ್ಣನಿಗೆ ಡ್ರೈವಿಂಗ್ ಶಾಲೆಯಿತ್ತು. ಈಚೆಗೆ, ಮಗಳ ದೆಸೆಯಿಂದಲೋ ಏನೋ, ಮನಸ್ಸನ್ನು ಓದುವ ಕಲೆಯ ಮೇಲೆ ಸಿಕ್ಕಿದ ಪುಸ್ತಕವನ್ನೆಲ್ಲ ಕೊಂಡು ಓದುತ್ತಿದ್ದ. ಕೈಕಟ್ಟಿ ಕೂತವನು ಏನೋ ಮುಚ್ಚಿಡುತ್ತಾನೆ, ಮೂಗು ತುರಿಸಿಕೊಂಡವನು ಸುಳ್ಳ, ಕಾಲು ಯಾವ ಕಡೆ ತಿರುಗಿರುತ್ತದೋ ಮನಸ್ಸು ಆ ಕಡೆ. "ಹಾಗಾದ್ರೆ ನಿಮ್ಮ ಮನಸ್ಸು ಅಡುಗೆಮನೆ ಕಡೆ ಇದೆ" ಎಂದು ಅತ್ತಿಗೆ ಅಣ್ಣನ ಪಾದ ತೋರಿಸಿ ಎಲ್ಲರನ್ನೂ ನಗಿಸಿದರು. ನಗುವಿನ ಮಧ್ಯೆ ಚಿನಕುರಳಿ ಬಾಯಿ ಬಿಟ್ಟಳು.

"ಹೇಳ್ಬಾರ್ದು ನಾನು. ಆದ್ರೂ ಹೇಳ್ತೀನಿ, ಒಳ್ಳೇ ವಿಷಯ ಅಂತ. ಚಿಕ್ಕಮ್ಮ, ಎಲ್ಲ ಜೋಡಿಗಳಲ್ಲಿ ನಿಮ್ಮದೇ ಕಡಿಮೆ ಅಂಕ!"

"ನಂದಾ?" ಎಂದಳು ಹೆಂಡತಿ.

"ನೀವು ಒಂದೊಂದು ಕಡೇನೂ ಬರೀ ಹಲ್ಲು, ಹಲ್ಲು ಅಂತ ಊಹಿಸಿದ್ದೀರಿ. ಹಲ್ಲಿನ ಸೆಟ್ಟಿನ ಬಗ್ಗೆ ಯೋಚಿಸ್ತಿದ್ದಾರೆ, ನಾನು ಹೇಳಿದ್ದು ಕಿವಿಗೇ ಬಿದ್ದಿಲ್ಲ, ಅಂತ. ಚಿಕ್ಕಪ್ಪ ಪಾಪ, ನಿಮಗೋಸ್ಕರ ಎಷ್ಟು ಸಂಕಟ ಪಟ್ಟಿದ್ದಾರೆ ಗೊತ್ತಾ? ನಾನೇ ಟೈಪ್ ಮಾಡ್ದೆ. ಮಾಡ್ತಾ ಕಣ್ಣಲ್ಲಿ ನೀರು ಬಂತು. ನಮ್ಮ ಪ್ರೊಫೆಸರ್ ಹೇಳೋದು ಅದೇ, ತುಂಬ ವರ್ಷ ಜೊತೆಗಿದ್ದವರು ನೋಡೋದನ್ನ ನಿಲ್ಲಿಸಿಬಿಡ್ತಾರಂತೆ, ಗೊತ್ತಿದೆ ಅನ್ನೋ ಧೈರ್ಯದಲ್ಲಿ."

"ನೋಡಿದ್ಯಾ, ಬಾಟಲಿ ಗಾಜಿಂದಲ್ಲ, ಸ್ಟೀಲಿಂದು!" ಎಂದು ಅಣ್ಣ ಮೇಜು ತಟ್ಟಿ ನಕ್ಕ. ಹೆಂಡತಿಯೂ ನಕ್ಕಳು. ಅವಳ ಕೈ ಮಾತ್ರ ತಟ್ಟೆಯಲ್ಲಿ ಸುಮ್ಮನೆ ಇತ್ತು. ಅವನು ತಲೆ ತಗ್ಗಿಸಿ ಊಟ ಮಾಡಿದ. ಆ ಹೊತ್ತಿನಲ್ಲಿ ಅವನ ಮುಖದಲ್ಲಿ ಏನಿತ್ತೋ, ನೋಡಿದವರಿಗೆ ಸಂಕೋಚದಂತೆ ಕಂಡಿರಬೇಕು. ಅತ್ತಿಗೆ, "ಹೊಗಳಿದ್ರೆ ಇವರಿಗೆ ಊಟ ಇಳಿಯಲ್ಲ" ಎಂದು ಇನ್ನಷ್ಟು ಬಡಿಸಿದರು.

ವಾಪಸು ಬರುವಾಗ ತಮ್ಮ ಮನೆಯ ಮೆಟ್ಟಿಲ ಮೇಲೆ ಅವಳು ನಿಂತಳು. "ನನ್ನನ್ನ ಕ್ಷಮಿಸಿಬಿಡಿ" ಎಂದಳು. "ಬಸ್ಸಲ್ಲಿ ನೀವು ಕೇಳಿಸ್ಕೊಂಡೆ ಅಂದಾಗ ನಾನು ನಂಬಲಿಲ್ಲ. ಮನಸ್ಸಲ್ಲೇ ನಿಮ್ಮನ್ನ ಬೈಕೊಂಡೆ. ಎಷ್ಟು ವರ್ಷದಿಂದ ಹೀಗೆ ತಪ್ಪು ತಿಳ್ಕೊಂಡಿದ್ದೀನೋ ಏನೋ." ಅವನು ಆಗ ಹೇಳಬೇಕಿತ್ತು. ಬಾಯಿ ತೆರೆದದ್ದೂ ನಿಜ. ಆದರೆ ಅವಳು ಅವನ ತೋಳು ಹಿಡಿದುಕೊಂಡಿದ್ದಳು, ಮದುವೆಯಾದ ಹೊಸದರಲ್ಲಿ ಹಿಡಿಯುತ್ತಿದ್ದಂತೆ. ಅವನಿಗಲ್ಲದ ಆ ಪ್ರೀತಿ ಅವನ ತೋಳಿನ ಮೇಲೆ ಬೆಚ್ಚಗಿತ್ತು. "ಇರ್ಲಿ ಬಿಡು" ಎಂದ. ಇರಲಿ ಬಿಡು! ಕ್ಷಮಿಸಿಯೂ ಬಿಟ್ಟ.

ಅಂದಿನಿಂದ ಅವಳು ಮೃದುವಾದಳು, ಜೊತೆಗೇ ಮಂಕಾದಳು. ಉಪ್ಪಿನ ಡಬ್ಬಿ ತಾನಾಗಿ ಬರುವುದು ನಿಂತಿತು, "ಉಪ್ಪು ಬೇಕಾ?" ಎಂದು ಕೇಳತೊಡಗಿದಳು. ಅದನ್ನು ಸಹಿಸಬಹುದಿತ್ತು. ಕಚೇರಿಯಲ್ಲಿ ಆದದ್ದು ಬೇರೆ. ಎದುರಿಗಿದ್ದವರ ಮುಖ ನೋಡಿ ತನಗೆ ತಿಳಿದದ್ದು ಸರಿಯೋ ತಪ್ಪೋ ಎಂಬ ಅನುಮಾನ ಬಂದ ಮೇಲೆ ಅವಳು ಕಿವಿಯನ್ನೇ ನಂಬಬೇಕಾಯಿತು. ನಂಬಲು ಕಿವಿ ಇರಲಿಲ್ಲ. ಇನ್ನೊಂದು ಸಲ ಹೇಳಿ, ಸ್ವಲ್ಪ ಜೋರಾಗಿ ಹೇಳಿ ಎಂದು ಕೇಳುತ್ತಿದ್ದಳು. ಸಾಲು ಉದ್ದವಾಯಿತು. ಒಬ್ಬ ಗಿರಾಕಿ ಮೇಲಧಿಕಾರಿಯ ಹತ್ತಿರ ಹೋಗಿ, ಕಿಟಕಿಯಲ್ಲಿರೋ ಹೆಂಗಸು ಜಾಣಕಿವುಡು ನಟಿಸುತ್ತಾಳೆ ಎಂದು ದೂರು ಕೊಟ್ಟ. ದೂರು ತೆಗೆದುಕೊಳ್ಳುವವಳ ಮೇಲೇ ದೂರು. ಹೊಸ ಅಧಿಕಾರಿ ಒಳ್ಳೆಯವನೇ. ಹಳೆಯ ಕಡತಗಳ ಕೋಣೆಯಲ್ಲಿ ಒಂದು ಜಾಗ ಖಾಲಿಯಿದೆ, ಅಲ್ಲಿ ಜನರ ಗಲಾಟೆ ಇರುವುದಿಲ್ಲ, ಯೋಚಿಸಿ ಎರಡು ದಿನದೊಳಗೆ ಹೇಳಿ ಎಂದಿದ್ದ. "ಒಪ್ಕೊಂಡುಬಿಡ್ತೀನಿ" ಎಂದು ನಿನ್ನೆ ಅವಳು ಹೇಳಿದ್ದಳು, ಬಟ್ಟೆ ಮಡಿಸುತ್ತ. "ಕಾಗದಗಳಾದ್ರೆ ಮುಖ ಇರಲ್ಲ."

ಮಧ್ಯಾಹ್ನ ಕೆಳ ಸೆಟ್ಟು ಕೈಗೆ ಬಂತು. ಅವನು ಅದನ್ನು ಮುಟ್ಟಲಿಲ್ಲ. ಕೈ ತೊಳೆದು, ಬೀಗ ಹಾಕಿ, ಬಸ್ಸು ಹತ್ತಿ ಚಿನಕುರಳಿಯ ವಿಭಾಗಕ್ಕೆ ಹೋದ. ಅವಳು ಕಂಪ್ಯೂಟರಿನ ಮುಂದೆ ಬ್ರೆಡ್ಡು ತಿನ್ನುತ್ತಿದ್ದಳು. ತಾನು ಮೈಕಿಗೆ ಹೇಳಿದ್ದೆಲ್ಲ ಸುಳ್ಳು, ಚಿಕ್ಕಮ್ಮ ಊಹಿಸಿದ್ದೇ ಸರಿ, ಅವಳ ಅಂಕ ತಿದ್ದಬೇಕು ಎಂದು ನಿಂತುಕೊಂಡೇ ಹೇಳಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು. ಹೇಳಿ ಮುಗಿಸಲು ಅರ್ಧ ನಿಮಿಷ ಹಿಡಿಯಲಿಲ್ಲ. ಅವಳು ಆಘಾತಗೊಳ್ಳುತ್ತಾಳೆ ಎಂದುಕೊಂಡಿದ್ದ. ಬಾಯಲ್ಲಿದ್ದದ್ದನ್ನು ನುಂಗಿ ಅವಳು ನಕ್ಕಳು.

"ಅಯ್ಯೋ ಚಿಕ್ಕಪ್ಪ, ಇಷ್ಟಕ್ಕೆ ಇಷ್ಟು ದೂರ ಬಂದ್ರಾ? ಎಲ್ಲರೂ ಹಾಗೇ. ಮೈಕ್ ಕಂಡ ತಕ್ಷಣ ಸ್ವಲ್ಪ ಒಳ್ಳೆಯವರಾಗ್ತಾರೆ. ಅದು ನಮಗೆ ಮೊದಲೇ ಗೊತ್ತಿರುತ್ತೆ, ಲೆಕ್ಕದಲ್ಲಿ ಅಷ್ಟು ಕಳೆದೇ ಬಿಡ್ತೀವಿ."

"ನನ್ನದು ಸ್ವಲ್ಪ ಅಲ್ಲ. ಪೂರ್ತಿ."

"ಪೂರ್ತಿನೂ ಕೆಲವರದು ಇರುತ್ತೆ. ಎಲ್ಲ ಸೇರಿಸಿ ಸರಾಸರಿ ತೆಗೆದಾಗ ಏನೂ ವ್ಯತ್ಯಾಸ ಆಗಲ್ಲ." ಆಮೇಲೆ ಅವನ ಮುಖ ನೋಡಿ ಅವಳ ದನಿ ಇಳಿಯಿತು. "ಚಿಕ್ಕಮ್ಮನಿಗೆ ನಾನು ಹೇಳಿದ್ದು ತಪ್ಪಾಯ್ತಾ?"

ಅವನು ಇಲ್ಲ ಎಂದು ತಲೆಯಾಡಿಸಿದ. ಅವಳಿಗೂ ಸಮಾಧಾನ ಮಾಡಿ ಹೊರಬಿದ್ದ. ತನ್ನ ಪಾಪಕ್ಕೆ ಅಲ್ಲೊಂದು ಹೆಸರಿದೆ, ಅದನ್ನು ಕಳೆಯಲು ಒಂದು ಸೂತ್ರವಿದೆ, ಕಳೆದ ಮೇಲೆ ಅದು ಇದ್ದದ್ದೇ ತಿಳಿಯುವುದಿಲ್ಲ ಎಂಬುದು ಅವನಿಗೆ ಸಮಾಧಾನ ಕೊಡಬೇಕಿತ್ತು. ಕಪಾಳಕ್ಕೆ ಹೊಡೆಸಿಕೊಳ್ಳಲು ಹೋದವನಿಗೆ ಚಹಾ ಕೊಟ್ಟು ಕಳಿಸಿದ ಹಾಗಾಯಿತು.

ಬಸ್ಸು ಜಲಮಂಡಳಿ ಕಚೇರಿಯ ಮುಂದೆ ಹೋಗುತ್ತಿತ್ತು. ಇಳಿದ. ಒಳಗೆ ಉದ್ದನೆಯ ಹಜಾರ, ಗೋಡೆಯ ಎರಡೂ ಬದಿಗೆ ಬೆಂಚು, ಕೊನೆಯಲ್ಲಿ ಗಾಜಿನ ಕಿಟಕಿ. ಕಂಬದ ಪಕ್ಕದ ಬೆಂಚಿನಲ್ಲಿ, ಸಾಲಿನಲ್ಲಿದ್ದವರ ಬೆನ್ನುಗಳ ಮರೆಯಲ್ಲಿ ಕೂತು ಅವನು ಹೆಂಡತಿಯನ್ನು ನೋಡಿದ. ಕೆಲಸದಲ್ಲಿರುವ ಅವಳನ್ನು ಅವನು ನೋಡಿದ್ದು ಅದೇ ಮೊದಲು. ಎದುರಿಗೆ ಒಬ್ಬ ಎತ್ತರದ ಗಂಡಸು ಕೈ ಬೀಸುತ್ತ ಮಾತಾಡುತ್ತಿದ್ದ. ಅವಳು ಅವನ ಬಾಯಿಯನ್ನು ನೋಡಿದಳು, ಕಣ್ಣನ್ನು ನೋಡಿದಳು. ಮುಖದಲ್ಲಿ ಏನೋ ಹೊಳೆಯಿತು, ಪೆನ್ನು ಎತ್ತಿದಳು. ಅಷ್ಟರಲ್ಲಿ ಆ ಹೊಳಹು ಆರಿತು. ಪೆನ್ನು ಕೆಳಗಿಟ್ಟು, ಗಾಜಿನ ತೂತಿಗೆ ಎಡಗಿವಿ ಹಿಡಿದು, ಇನ್ನೊಂದು ಸಲ ಹೇಳಿ ಎಂದಳು. ಗಂಡಸು ಮೊದಲಿಂದ ಶುರು ಮಾಡಿದ. ಮತ್ತೆ ಕೇಳಿದಳು. ಸಾಲಿನಲ್ಲಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ, "ಈ ಕಿವುಡಿ ಹತ್ರ ಸಾಯಂಕಾಲ ಆಗುತ್ತೆ" ಎಂದಳು. ಮೆಲ್ಲಗೇನೂ ಹೇಳಲಿಲ್ಲ, ಕೇಳಿಸುವುದಿಲ್ಲವಲ್ಲ. ಆದರೆ ಹೆಂಡತಿ ತಲೆಯೆತ್ತಿ ಆ ಹೆಂಗಸಿನ ಮುಖ ನೋಡಿದಳು. ಆ ಮುಖದಲ್ಲಿ ಬರೆದಿಟ್ಟಂತಿದ್ದುದನ್ನು ಓದಿದಳು. ಓದಿ, ತಾನು ಓದಿದ್ದು ತಪ್ಪಿರಬಹುದು ಎಂದು ಆ ಹೆಂಗಸನ್ನೇ ನೋಡಿ ಮುಗುಳ್ನಕ್ಕಳು. ಅವನು ಎದ್ದು ಹೊರಗೆ ಬಂದ. ಕಚೇರಿಯ ಮುಂದಿನ ರಸ್ತೆಯಲ್ಲಿ ಪೈಪು ಒಡೆದು ನೀರು ಹರಿಯುತ್ತಿತ್ತು. ಯಾರೂ ದೂರು ಕೊಟ್ಟ ಹಾಗಿರಲಿಲ್ಲ.

ಆ ಸಂಜೆ ಅವನು ಹೇಳಲಿಲ್ಲ. ಹೇಳದಿರಲು ಕಾರಣಗಳು ಒಂದರ ಹಿಂದೊಂದು ಬಂದವು, ಎಲ್ಲವೂ ಅವಳ ಹಿತಕ್ಕೆ ಎಂಬಂತೆ ವೇಷ ಹಾಕಿಕೊಂಡು. ಹೇಳಿದರೆ ಅವಳಿಗೆ ತನ್ನ ಕಣ್ಣು ವಾಪಸು ಸಿಗುತ್ತದೆ, ಸರಿ. ಆದರೆ ತನ್ನ ಮಾತಿಗೆ ಎದೆ ಧಸಕ್ಕೆಂದ ಗಂಡ ಹೋಗುತ್ತಾನೆ. ಎರಡರಲ್ಲಿ ಅವಳಿಗೆ ಯಾವುದು ಹೆಚ್ಚು ಬೇಕು ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದು ಹೊಳೆದಾಗ, ಇಷ್ಟು ವರ್ಷಗಳಲ್ಲಿ ಅವಳ ಮನಸ್ಸನ್ನು ಊಹಿಸುವ ಕೆಲಸ ತನಗೆ ಇದೇ ಮೊದಲ ಸಲ ಬಿದ್ದಿದೆ ಎಂದೂ ಹೊಳೆಯಿತು. ಅಂಥ ಪರೀಕ್ಷೆಯನ್ನು ಯಾರೂ ಅವನಿಗೆ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಬರುತ್ತಿದ್ದ ಅಂಕ ಅವನಿಗೆ ಗೊತ್ತು.

ಮರುದಿನ ಬೆಳಗ್ಗೆ ಅವಳು ಕಚೇರಿಗೆ ಹೊರಡಲು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಚಪ್ಪಲಿಯ ಬಕಲು ಹಾಕುತ್ತಿದ್ದಳು. ಅವನು ಹೋಗಿ ಎದುರಿಗೆ, ಬೆಳಕು ತನ್ನ ಮುಖಕ್ಕೆ ಬೀಳುವ ಕಡೆ ನಿಂತ.

"ನೀನು ಊಹಿಸಿದ್ದೇ ಸರಿ. ಅವತ್ತು ಆ ಕೋಣೇಲಿ ನಾನು ಏನೂ ಕೇಳಿಸ್ಕೊಂಡಿರ್ಲಿಲ್ಲ. ಆಮೇಲೆ ವಿಡಿಯೋದಲ್ಲಿ ಕೇಳಿಸ್ಕೊಂಡೆ. ಮೈಕಿಗೆ ಹೇಳಿದ್ದೆಲ್ಲ ಸುಳ್ಳು."

ಅವಳು ತಲೆಯೆತ್ತಿ ನೋಡಿದಳು. ನಿಧಾನವಾಗಿ ಅವಳ ಮುಖ ಅರಳಿತು. "ಯಾರು ಹೇಳ್ಕೊಟ್ರು ಇದನ್ನ? ಚಿನಕುರಳಿನಾ?"

"ಯಾರೂ ಇಲ್ಲ. ನಾನು ಆಗ ಕೆಳ ಸೆಟ್ಟಿನ ಬಗ್ಗೆ ಯೋಚಿಸ್ತಿದ್ದೆ."

"ಅದು ನಾನು ಹೇಳಿದ ಮಾತೇ ಅಲ್ವಾ? ನಂದನ್ನೇ ನನಗೆ ತಿರುಗಿಸಿ ಕೊಡ್ತಿದ್ದೀರಿ." ಅವಳು ಇನ್ನೊಂದು ಕಾಲಿನ ಬಕಲು ಹಾಕಿದಳು. "ಕಿಟಕಿ ಬಿಡ್ತೀನಿ ಅಂದೆನಲ್ಲ, ಅದಕ್ಕೆ. ನನಗೆ ಧೈರ್ಯ ಬರ್ಲಿ ಅಂತ ನಿಮ್ಮ ತಲೆ ಮೇಲೆ ನೀವೇ ಮಣ್ಣು ಹಾಕ್ಕೊಳ್ತಿದ್ದೀರಿ. ನಿಮ್ಮಷ್ಟು ಒಳ್ಳೆಯವರು ಇರಬಾರ್ದು."

"ಇಲ್ಲ ಕಣೇ. ನಿಜ ಹೇಳ್ತಿದ್ದೀನಿ. ನಾನು ಬರೀ ಹೂಂಗುಟ್ತಾ ಇದ್ದೆ."

"ಆಯ್ತು, ಆಯ್ತು" ಎಂದು ಅವಳು ಎದ್ದು ಅವ್ವ ಮಗುವಿನ ಕೆನ್ನೆ ತಟ್ಟುವಂತೆ ಅವನ ಕೆನ್ನೆ ತಟ್ಟಿದಳು. ಸುಳ್ಳು ಹೇಳಿದಾಗ ಒಂದು ಪಾಲು ಸಿಕ್ಕಿದ್ದ ಪ್ರೀತಿ, ನಿಜ ಹೇಳಿದಾಗ ಎರಡು ಪಾಲಾಗಿ ಸಿಗುತ್ತಿತ್ತು. ಇದಕ್ಕೆ ಕೊನೆಯಿಲ್ಲ ಎಂದುಕೊಂಡ. ಅವಳು ಕೈಚೀಲ ಹೆಗಲಿಗೆ ಹಾಕಿ, ಬಾಗಿಲ ಚಿಲಕದ ಮೇಲೆ ಕೈಯಿಟ್ಟು, ಏನೋ ನೆನಪಾದವಳಂತೆ ತಿರುಗಿದಳು. ಇನ್ನೂ ನಗುತ್ತಲೇ ಇದ್ದಳು.

"ಸರಿ, ಹಾಗಾದ್ರೆ ಒಂದು ಹೇಳಿ. ಕ್ಯಾಮೆರಾ ನಿಂತ ಮೇಲೂ ಚಿನಕುರಳಿ ಬರೋದು ತಡ ಆಯ್ತಲ್ಲ, ವಿಡಿಯೋದಲ್ಲಿ ಅದಿಲ್ಲ. ನಾನು ಮಾತಾಡ್ತಾನೇ ಇದ್ದೆ, ನೀವು ಹೂಂಗುಟ್ತಾನೇ ಇದ್ರಿ. ಆಗ ನಾನು ಹೇಳಿದ್ದೇನು?"

ಅವನು ಹುಡುಕಿದ. ಆ ಕೋಣೆಗೆ ಮರಳಿ ಹೋಗಿ ಸೋಫಾದ ಮೇಲೆ ಕೂತ. ಕನ್ನಡಿ ಸಿಕ್ಕಿತು, ಕನ್ನಡಿಯಲ್ಲಿ ತನ್ನ ದವಡೆ ಸಿಕ್ಕಿತು, ಅವಳ ತುಟಿ ಅಲ್ಲಾಡುವುದೂ ಕಂಡಿತು, ದನಿ ಇರಲಿಲ್ಲ. ಊಹಿಸಬಹುದಿತ್ತು. ಒಂದೇ ಮನೆಯಲ್ಲಿ ಇಷ್ಟು ವರ್ಷ ಕಳೆದವನ ಊಹೆ ಎಲ್ಲೋ ಹತ್ತಿರ ಬರುತ್ತಿತ್ತು: ಭಯವಾಗುತ್ತದೆ ಎಂದಿರಬಹುದು, ನಿಮ್ಮ ದನಿ ಕೇಳಿಸದ ದಿನ ಬಂದರೆ ಎಂದಿರಬಹುದು. ಇಂಥ ಒಂದು ಮಾತು ಅವನ ನಾಲಗೆಯ ತುದಿಗೂ ಬಂದಿತ್ತು. ಅವನು ಅದನ್ನು ಹೇಳಲಿಲ್ಲ. ಬೆಳಕಿನಲ್ಲಿ ಸುಮ್ಮನೆ ನಿಂತ. ತನ್ನ ಮುಖ ಏನು ಮಾಡುತ್ತಿದೆ ಎಂಬುದು ಅವನಿಗೆ ತಿಳಿಯಲಿಲ್ಲ. ಅದನ್ನು ಸರಿಪಡಿಸಿಕೊಳ್ಳುವ ಕಡೆಗೂ ಗಮನವಿರಲಿಲ್ಲ.

ಅವಳು ನೋಡಿದಳು. ಹಣೆ, ಕಣ್ಣು, ತುಟಿ, ಮತ್ತೆ ಕಣ್ಣು. ಗಾಜಿನ ಆಚೆ ನಿಂತ ಅಪರಿಚಿತನನ್ನು ನೋಡುವಂತೆ, ಅವಸರವಿಲ್ಲದೆ. ನಗು ಒಮ್ಮೆಲೇ ಹೋಗಲಿಲ್ಲ. ಮೊದಲು ಕಣ್ಣಿನಿಂದ ಹೋಯಿತು, ಆಮೇಲೆ ಕೆನ್ನೆಯಿಂದ. ಬಗ್ಗಿದ್ದ ಬೆನ್ನು ಮಾತ್ರ ಸ್ವಲ್ಪ ನೆಟ್ಟಗಾದಂತೆ ಕಂಡಿತು.

"ಗೊತ್ತಾಯ್ತು" ಎಂದಳು.

ಅವಳು ಬಾಗಿಲು ತೆಗೆದು ಮೆಟ್ಟಿಲಿಳಿಯತೊಡಗಿದಳು. "ಏನು ಹೇಳಿದ್ದೆ?" ಎಂದು ಅವನು ಕೂಗಿ ಕೇಳಿದ, ಬೆನ್ನ ಹಿಂದಿನಿಂದ ಬಂದ ಪ್ರಶ್ನೆ ಅವಳ ಯಾವ ಕಿವಿಗೂ ತಲುಪುವಂತಿರಲಿಲ್ಲ.

ಅವತ್ತು ಅವಳು ಕಡತಗಳ ಕೋಣೆಗೆ ಒಪ್ಪಲಿಲ್ಲ. ಅಧಿಕಾರಿಗೆ ಕಿವಿಯ ವಿಷಯ ತಾನೇ ಹೇಳಿ, ಸಾಲು ಉದ್ದವಾದರೆ ಆಗ ಎಬ್ಬಿಸಿ ಎಂದು ಕಿಟಕಿಗೆ ಹೋಗಿ ಕೂತಳಂತೆ. ತಿಂಗಳೊಳಗೆ ಕಿವಿಗೆ ಯಂತ್ರ ಬಂತು. ಕೂದಲಿನ ಕೆಳಗೆ ಮುಚ್ಚಿಡದೆ, ಎಲ್ಲರಿಗೂ ಕಾಣುವಂತೆ ಹಾಕಿಕೊಂಡು ಹೋಗುತ್ತಾಳೆ. ಮನೆಯಲ್ಲಿ ಜಗಳವೇನೂ ಆಗಲಿಲ್ಲ. ತೋಳು ಹಿಡಿಯುವುದು ನಿಂತಿತು, ಅಷ್ಟೇ. ಅವಳು ಮಾತಾಡುವಾಗ ಅವನು ಈಗ ಕೈಯಲ್ಲಿದ್ದುದನ್ನು ಕೆಳಗಿಟ್ಟು ಕೂರುತ್ತಾನೆ. ಅವಳು ಅದನ್ನು ಗಮನಿಸುತ್ತಾಳೆ, ಗಮನಿಸಿದ್ದನ್ನು ಹೇಳುವುದಿಲ್ಲ. ಆ ದಿನ ಕ್ಯಾಮೆರಾ ನಿಂತ ಮೇಲೆ ಏನು ಹೇಳಿದ್ದೆ ಎಂದು ಅವನು ಅವಳನ್ನು ಎರಡು ಸಲ ಕೇಳಿದ. ಎರಡು ಸಲವೂ ಅವಳಿಗೆ ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿತ್ತು.

"ಹೇಳಿ ಆಯ್ತಲ್ಲ" ಎಂದಳು.